ರಾಯಚೂರಲ್ಲಿ ಮನೆ, ಗಲ್ಫಲ್ಲಿ ನೌಕರಿ: ಹಗಲು ನಿದ್ದೆ ಒಲಿಸಿಕೊಂಡ ಅನುಭವ

ವಿದೇಶಿ ಏರ್‌ಲೈನ್‌ನಲ್ಲಿ ಪೈಲಟ್ ಆಗಿ ಲಾಂಗ್ ಹಾಲ್ (ಬಹು ದೂರದ ವಿಮಾನ) ಹಾರಿಸುತ್ತಾ ಸಂಸಾರವನ್ನು ರಾಯಚೂರಲ್ಲೇ ಇಡುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. "ಬೆಂಗಳೂರಾದ್ರೆ ಸರಿ, ರಾಯಚೂರಾ? ಒಂದು ಸೀಸನ್ ನೋಡು, ನೀನೇ ಫ್ಯಾಮಿಲಿ ಕರ್ಕೊಂಡು ಬರ್ತೀಯ" ಅಂದರು ಬೇಸ್‌ನಲ್ಲಿ, ಅಂದ್ರೆ ನಮ್ಮ ಡ್ಯೂಟಿ ಶುರುವಾಗುವ ಗಲ್ಫ್ ಊರಲ್ಲಿ ಇರುವ ಕನ್ನಡದ ಗೆಳೆಯರು. ಮಾವನವರಂತೂ ಎರಡು ತಿಂಗಳು ಸರಿಯಾಗಿ ಮಾತೇ ಆಡಲಿಲ್ಲ. ಈಗ ನಾಲ್ಕು ವರ್ಷದ ಮೇಲಾಯಿತು. ಡ್ಯೂಟಿಗೆ ಒಮ್ಮೆಯೂ ತಡವಾಗಿಲ್ಲ. ಅವತ್ತು ನಕ್ಕವರಲ್ಲಿ ಒಂದಿಬ್ಬರು ಈಗ ಫೋನ್ ಮಾಡಿ, ಹೇಗೆ ಮಾಡ್ತೀಯ ಅಂತ ಕೇಳುತ್ತಿದ್ದಾರೆ. ಅವರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಎಟಿಪಿಎಲ್ (ಏರ್‌ಲೈನ್ ಪೈಲಟ್ ಲೈಸೆನ್ಸ್), ಲೈಸೆನ್ಸ್ ಬದಲಾಯಿಸೋದು, ಸಿಮ್ ಚೆಕ್ (ಸಿಮ್ಯುಲೇಟರ್ ಪರೀಕ್ಷೆ) ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಇಲ್ಲಿನ ಕಂಪನಿ ಬಿಟ್ಟು ಹೋಗುವ ಕಮಾಂಡರ್‌ಗಳು (ಕ್ಯಾಪ್ಟನ್‌ಗಳು) ಒಂದು ವರ್ಷ ನೋಟಿಸ್ ಕೊಡಬೇಕು ಅಂತ 2017ರಲ್ಲಿ ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮ ಮಾಡಿತಲ್ಲ, ಆ ಒಂದು ವರ್ಷ ನನಗೆ ಉಪಯೋಗಕ್ಕೇ ಬಂತು. ದಾರಿ, ನಿದ್ದೆ, ದುಡ್ಡು ಮೂರರ ಲೆಕ್ಕವನ್ನೂ ಆಗಲೇ ಹಾಕಿದ್ದು.

ದಾರಿ ಮೊದಲು. ನಮ್ಮವರಿಗೆ ವಿಮಾನ ಅಂದ ಕೂಡಲೇ ದೇವನಹಳ್ಳಿ ನೆನಪಾಗುತ್ತೆ. ರಾಯಚೂರಿನವರಿಗೆ ಅದು ದೂರದ ಮಾತು. ನಮಗೆ ಹೈದರಾಬಾದಿನ ಶಂಷಾಬಾದೇ ಸರಿ. ಶಕ್ತಿನಗರದ ಹತ್ತಿರ ಕೃಷ್ಣಾ ಸೇತುವೆ ದಾಟಿದರೆ ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲ. ಹೈದರಾಬಾದ್ ಊರೊಳಗೆ ಹೋಗುವ ಕೆಲಸವೇ ಇಲ್ಲ, ಏರ್‌ಪೋರ್ಟ್ ಈ ಕಡೆಯೇ ಸಿಗುತ್ತೆ. ಹೆಚ್ಚೂಕಮ್ಮಿ ನಾಲ್ಕು ಗಂಟೆ. ರೈಲನ್ನೂ ನೋಡಿದೆ. ಕಾಚಿಗುಡ ಕಡೆಗೆ ಹೋಗುವ ಗಾಡಿ ಶಂಷಾಬಾದಿನ ಪಕ್ಕದಲ್ಲೇ ಹಾದು ಹೋಗುತ್ತೆ, ಆದರೆ ನನಗೆ ಬೇಕಾದ ಹೊತ್ತಿಗೆ ಹೊಂದಲಿಲ್ಲ. ಕೆಕೆಆರ್‌ಟಿಸಿ ಬಸ್ ಅಗ್ಗ. ಆದರೆ ರಾತ್ರಿ ಹೊತ್ತು ಹೆದ್ದಾರಿ ಪಕ್ಕ ಇಳಿದು, ಯೂನಿಫಾರ್ಮ್ ಬ್ಯಾಗ್ ಹಿಡಿದು ಆಟೋ ಹುಡುಕೋದು ಒಂದೆರಡು ಸಲಕ್ಕೇ ಸಾಕಾಯಿತು. ಕೊನೆಗೆ ನಮ್ಮ ಓಣಿಯ ಹುಡುಗನ ಕಾರು ಖಾಯಂ ಮಾಡಿಕೊಂಡೆ. ಒಂದು ಕಡೆಗೆ ನಾಲ್ಕೂವರೆ ಸಾವಿರದ ಆಸುಪಾಸು. ಅಮೆರಿಕದಿಂದ ವಾಪಸ್ ಬಂದ ದಿನ ನಾನು ಸ್ಟೀರಿಂಗ್ ಮುಟ್ಟೋದೇ ಇಲ್ಲ. ಆ ದುಡ್ಡು ಉಳಿಸಲು ಹೋಗಬೇಡಿ.

ಇನ್ನು ನಿದ್ದೆ. ಎಲ್ಲರಿಗೂ ಅನುಮಾನ ಇದ್ದದ್ದು ಇದರ ಮೇಲೆಯೇ.

ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಂದ್ರೆ ಅಲ್ಲಿ ರಾತ್ರಿ ಮಲಗಬೇಕಾದರೆ ರಾಯಚೂರಿನ ನಡು ಮಧ್ಯಾಹ್ನ ಮಲಗುವ ಅಭ್ಯಾಸ ಇರಬೇಕು. ಬೇಸ್‌ನಲ್ಲೇ ಇರುವವರು ಎಲ್ಲರಂತೆ ರಾತ್ರಿ ಮಲಗಿ, ಹಗಲು ಮಾಲ್ ಸುತ್ತಿ, ನಡುರಾತ್ರಿ ಡ್ಯೂಟಿಗೆ ರಿಪೋರ್ಟ್ ಮಾಡುತ್ತಾರೆ. ಆಮೇಲೆ ಹದಿನಾರು ಗಂಟೆ ವಿಮಾನ. ನಾಲ್ಕು ಜನ ಪೈಲಟ್ ಇದ್ದರೂ, ಮೇಲೆ ಮಲಗಲು ಬಂಕ್ ಇದ್ದರೂ ಅಷ್ಟೇ, ಮೊದಲ ಪಾಳಿಯ ರೆಸ್ಟ್ ಬಂದವನಿಗೆ ನಿದ್ದೆ ಹತ್ತಿದರೆ ಪುಣ್ಯ. ನಾನು ಮಾಡುವುದು ಉಲ್ಟಾ. ಅಮೆರಿಕ ಟ್ರಿಪ್ಪಿಗೆ ಎರಡು ದಿನ ಮುಂಚೆ ಮನೆಯಲ್ಲೇ ಬಾವಲಿ ಆಗುತ್ತೇನೆ. ಹಗಲು ಹತ್ತಕ್ಕೆ ಮಲಗಿ ಸಂಜೆ ಏಳುವುದು. ಹೊರಡುವ ದಿನ ರಾತ್ರಿ ಹತ್ತಕ್ಕೆ ಊರು ಬಿಟ್ಟರೆ ಬೆಳಗಿನ ಜಾವ ನಾಲ್ಕರ ಹೊತ್ತಿನ ಗಲ್ಫ್ ವಿಮಾನ ಸಿಗುತ್ತೆ. ಹೇಗೂ ಎಚ್ಚರ ಇರಬೇಕಾದ ರಾತ್ರಿ ಅದು, ಪ್ರಯಾಣದಲ್ಲೇ ಕಳೆಯುತ್ತೆ. ಬೆಳಿಗ್ಗೆ ಅಲ್ಲಿ ಮೂವರು ಸೇರಿ ಬಾಡಿಗೆ ಹಿಡಿದ ಫ್ಲಾಟಿಗೆ ಹೋಗಿ ಮತ್ತೆ ಹಗಲು ನಿದ್ದೆ. ರಿಪೋರ್ಟಿಂಗ್‌ಗೆ ಪೂರ್ತಿ ಒಂದು ದಿನ ಬಾಕಿ ಇರುವಾಗಲೇ ಬೇಸ್ ಸೇರಿರಬೇಕು. ಇದರಲ್ಲಿ ರಾಜಿ ಇಲ್ಲ.

ಹೇಳೋದು ಸುಲಭ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ, 42-43 ಡಿಗ್ರಿಯಲ್ಲಿ ಮಲಗಿ ನೋಡಿ! ಊರ ಪಕ್ಕದಲ್ಲೇ ಇಡೀ ರಾಜ್ಯಕ್ಕೆ ಕರೆಂಟು ಕೊಡುವ ಶಾಖೋತ್ಪನ್ನ ಸ್ಥಾವರ ಇದೆ, ನಮ್ಮ ಬೆಡ್‌ರೂಮಿನ ಫ್ಯಾನ್ ಮಾತ್ರ ಸರಿಯಾಗಿ ಎರಡು ಗಂಟೆಗೆ ನಿಲ್ಲುತ್ತಿತ್ತು. ಮೊದಲು ಮಹಡಿ ಮೇಲಿನ ರೂಮಿಗೆ ದಪ್ಪ ಪರದೆ ಹಾಕಿಸಿದೆ. ಬೆಳಕು ನಿಂತಿತು, ಕಾವು ನಿಲ್ಲಲಿಲ್ಲ. ಆಮೇಲೆ ದೊಡ್ಡ ಏರ್ ಕೂಲರ್ ತಂದೆ. ಅದರ ಸದ್ದು ಟರ್ಬೊಪ್ರಾಪ್ ವಿಮಾನಕ್ಕಿಂತ ಜಾಸ್ತಿ, ಮೇಲಾಗಿ ಹಾಸಿಗೆ ಎಲ್ಲ ಪಿಚಪಿಚ. ಲಾವಂಚದ ತಟ್ಟಿ ಕಟ್ಟಿಸಿದ್ದು ಘಮ್ಮೆನ್ನುತ್ತಿತ್ತು. ಆದರೆ ಅರ್ಧ ಗಂಟೆಗೊಮ್ಮೆ ನೀರು ಹಾಕೋರು ಯಾರು? ಇದಕ್ಕೆಲ್ಲ ಮೂವತ್ತು ಸಾವಿರ ಮಣ್ಣುಪಾಲು. ಕೈಗೆ ಕಟ್ಟುವ ವಾಚಿನ ಲೆಕ್ಕದಲ್ಲಿ ಆಗ ಹಗಲು ನಿದ್ದೆ ಮೂರು ಗಂಟೆ ದಾಟುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಕೆಳಗಿನ ಹಳೇ ಕಾಳಿನ ಕೋಣೆಯಲ್ಲಿ. ಅಜ್ಜನ ಕಾಲದ ಗೋಡೆ, ಮೊಳಕ್ಕಿಂತ ದಪ್ಪ. ನೆಲಕ್ಕೆ ಶಹಾಬಾದ್ ಕಲ್ಲು. ಕಿಟಕಿ ಒಂದೇ, ಅದೂ ಉತ್ತರಕ್ಕೆ. ಅದನ್ನು ಪ್ಲೈವುಡ್ಡು, ರಬ್ಬರ್ ಬೀಡಿಂಗ್ ಹಾಕಿ ಮುಚ್ಚಿಸಿದೆ, ಗಾಳಿಗೆ ಸಣ್ಣ ಎಕ್ಸಾಸ್ಟ್ ಇಡಿಸಿದೆ. ಒಂದು ಟನ್ನಿನ ಇನ್ವರ್ಟರ್ ಎಸಿ, ಅದನ್ನು ಎರಡು ಮೂರು ಗಂಟೆ ಎಳೆಯುವಷ್ಟು ಬ್ಯಾಟರಿ. ಬಾಗಿಲಿಗೆ ಎರಡು ಪದರ ಕಂಬಳಿ. ಎಲ್ಲ ಸೇರಿ ಎರಡು ಲಕ್ಷದ ಹತ್ತಿರ ಹೋಯಿತು. ಸುಮ್ನೆ ನೋಡೋಣ ಅಂತ ಆ ಕೋಣೆಯ ಮೇಲಿನ ತಾರಸಿಗೆ ಸುಣ್ಣ ಬಳಿಸಿದೆ. ನಂಬಿದರೆ ನಂಬಿ, ಒಳಗೆ ನಾಲ್ಕು ಡಿಗ್ರಿ ಇಳಿಯಿತು. ಆ ಖರ್ಚು ಸಾವಿರ ರೂಪಾಯಿಯೂ ಇಲ್ಲ. ಈಗ ಹಗಲು ನಿದ್ದೆ ಆರೂವರೆ ಗಂಟೆ ಆಗುತ್ತೆ. ಚುನಾವಣೆ ಟೈಮಲ್ಲಿ ಓಣಿಯಲ್ಲಿ ಮೈಕ್ ಕಟ್ಟಿದ ಆಟೋ ಓಡಾಡುವಾಗ ಮಾತ್ರ ಯಾವ ಕಂಬಳಿಯೂ ನಡೆಯಲ್ಲ. ನಿದ್ದೆ ಮಾತ್ರೆ ಬಗ್ಗೆ ನನ್ನನ್ನು ಕೇಳಬೇಡಿ. ಪೈಲಟ್‌ನ ಮೆಡಿಕಲ್ ಸರ್ಟಿಫಿಕೇಟಿಗೆ ಕುತ್ತು ಬಂದರೆ ನೌಕರಿಗೇ ಕುತ್ತು.

ಎರಡು ಲಕ್ಷ ಜಾಸ್ತಿ ಅನ್ನಿಸಿದರೆ ಆ ಕಡೆ ಲೆಕ್ಕ ನೋಡಿ. ಗಲ್ಫಲ್ಲಿ ಬ್ರಿಟಿಷ್ ಪಠ್ಯದ ಶಾಲೆ ಅಂದ್ರೆ ಒಂದು ಮಗುವಿಗೆ ವರ್ಷಕ್ಕೆ 50 ಸಾವಿರ ದಿರ್ಹಮ್ ಮುಟ್ಟುತ್ತೆ. ಕಂಪನಿ ಕೊಡುವುದಕ್ಕೆ ಮಿತಿ ಇದೆ, ಮಿಕ್ಕಿದ್ದು ನಮ್ಮ ಜೇಬಿಂದ. ನನಗೆ ಕಾರು, ಟಿಕೆಟ್, ಫ್ಲಾಟಿನ ಪಾಲು ಎಲ್ಲ ಸೇರಿದರೂ ಅದರ ಅರ್ಧ ಆಗಲ್ಲ.

ಟಿಕೆಟ್ ವಿಷಯಕ್ಕೆ ಬಂದರೆ, ಸ್ಟಾಫ್ ಸ್ಟ್ಯಾಂಡ್‌ಬೈ (ಸೀಟು ಖಾಲಿ ಉಳಿದರಷ್ಟೇ ಸಿಗುವ ನೌಕರರ ಟಿಕೆಟ್) ಅಂತ ಪೂರ್ತಿ ನಂಬಿದರೆ ಕೆಟ್ಟಿರಿ. ಒಂದು ಡಿಸೆಂಬರ್‌ನಲ್ಲಿ ಸಿಸ್ಟಮ್ ಹದಿನಾಲ್ಕು ಸೀಟು ಖಾಲಿ ತೋರಿಸುತ್ತಿತ್ತು. ಕೌಂಟರ್ ಹತ್ತಿರ ಆರಾಮಾಗಿ ಚಹಾ ಕುಡಿಯುತ್ತಾ ನಿಂತಿದ್ದೆ. ಬೇರೆ ಕಂಪನಿಯ ವಿಮಾನ ಒಂದು ರದ್ದಾಗಿ, ಅದರ ಜನ ಎಲ್ಲ ಟ್ರಾಲಿ ತಳ್ಳಿಕೊಂಡು ಬಂದರು. ಹತ್ತೇ ನಿಮಿಷದಲ್ಲಿ ಹದಿನಾಲ್ಕೂ ಹೋಯಿತು. ಮೊಬೈಲಲ್ಲೇ ಇನ್ನೊಂದು ವಿಮಾನಕ್ಕೆ ಪೂರ್ತಿ ದರದ ಟಿಕೆಟ್ ತೆಗೆದೆ, ನಲವತ್ತು ಸಾವಿರದ ಹತ್ತಿರ. ಒಂದು ದಿನ ಮುಂಚೆ ಹೊರಡುವ ಪದ್ಧತಿ ಇದ್ದದ್ದಕ್ಕೆ ಡ್ಯೂಟಿ ಉಳಿಯಿತು. ಡಿಸೆಂಬರ್, ರಂಜಾನ್ ಹಬ್ಬದ ಆಸುಪಾಸು, ಶಾಲೆ ಬಿಡುವ ಜೂನ್ ಕೊನೆ, ಈ ಮೂರು ಹೊತ್ತಲ್ಲಿ ಈಗ ಮೊದಲೇ ಖರೀದಿ ಮಾಡುತ್ತೇನೆ. ಉಳಿದ ತಿಂಗಳು ಸ್ಟ್ಯಾಂಡ್‌ಬೈ. ಕೌಂಟರಿಗೆ ಎಷ್ಟು ಹೊತ್ತಿಗೆ ಹೋದರೆ ಸೀಟು ಸಿಗುತ್ತೆ ಅನ್ನೋದು ನನ್ನ ಗುಟ್ಟು.

ರೋಸ್ಟರ್ ಬಿಡ್ಡಿಂಗ್ (ಡ್ಯೂಟಿ ಪಟ್ಟಿಗೆ ನಮಗೆ ಬೇಕಾದ ಟ್ರಿಪ್, ಬಿಡುವು ಕೇಳುವುದು) ಕೂಡ ಹಾಗೇ. ಆಫ್ ದಿನಗಳನ್ನು ಒಟ್ಟಿಗೆ ಗುಂಪು ಮಾಡಿಸಿಕೊಳ್ಳಬೇಕು, ಇಲ್ಲದಿದ್ದರೆ ಈ ಪದ್ಧತಿಯೇ ನಡೆಯಲ್ಲ. ಮೂರು ದಿನದ ಬಿಡುವಿಗೆ ರಾಯಚೂರಿಗೆ ಬರಬೇಡಿ, ದಾರಿಯಲ್ಲೇ ಕಳೆಯುತ್ತೆ. ಐದು ಇದ್ದರೆ ಬನ್ನಿ. ಇಷ್ಟು ಹೇಳಬಲ್ಲೆ: ಯಾರೂ ಕೇಳದ ಉದ್ದದ ಟ್ರಿಪ್ ಕೇಳಿ. ಒಂದೇ ಟ್ರಿಪ್ಪಲ್ಲಿ ಮೂವತ್ತು ಗಂಟೆ ಮುಗಿದರೆ ತಿಂಗಳ ಕೋಟಾ ಬೇಗ ತುಂಬುತ್ತೆ, 28 ದಿನಕ್ಕೆ 100 ಗಂಟೆ ಹಾರಾಟದ ಮಿತಿ ಹೇಗೂ ಇದೆ. ನಾನು ಯಾವ ಬೇಡಿಕೆಯನ್ನು ಯಾವ ಕ್ರಮದಲ್ಲಿ ಹಾಕುತ್ತೇನೆ ಅಂತ ಮಾತ್ರ ಬರೆಯಲ್ಲ. ನನಗಿಂತ ಸೀನಿಯರ್‌ಗಳೂ ಇದನ್ನು ಓದಬಹುದು, ಅಲ್ವಾ?

ಇದರ ಮಧ್ಯೆ ಊಟದ ಪ್ರಯೋಗವೂ ನಡೆಯಿತು. ರಾತ್ರಿ ಮೂರಕ್ಕೆ ಬರುವ ಕ್ರೂ ಮೀಲ್ ತಿಂದರೆ ನನಗೆ ಹೊಟ್ಟೆ ಭಾರ, ಆಮೇಲೆ ಕಣ್ಣೂ ಭಾರ. ಈಗ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ರೊಟ್ಟಿ ಹತ್ತು ದಿನ ಕೆಡಲ್ಲ. ಅಮೆರಿಕದಲ್ಲಿ ಇಳಿಯುವಾಗ ಉಳಿದದ್ದು ಇದ್ದರೆ ಡಿಕ್ಲೇರ್ ಮಾಡುತ್ತೇನೆ. ಆಸ್ಟ್ರೇಲಿಯಾ ಕಡೆಗೆ ಒಯ್ಯೋದೇ ಇಲ್ಲ, ಕಾಳು ಬೀಜದ ತಪಾಸಣೆ ಅಲ್ಲಿ ಬಹಳ ಬಿಗಿ. ಐರ್ಲೆಂಡಿನ ಫಸ್ಟ್ ಆಫೀಸರ್ ಒಬ್ಬ ಈಗ ನನ್ನ ಜೊತೆ ರೋಸ್ಟರ್ ಬಂದರೆ ಹಿಂಡಿ ತಂದಿದ್ದೀಯಾ ಅಂತಲೇ ಕೇಳುತ್ತಾನೆ. ನಮ್ಮ ಕಾಕಾ ಒಮ್ಮೆ ರೊಟ್ಟಿ ಕಟ್ಟುವಾಗ, ನಿಮ್ಮ ವಿಮಾನ ಗಂಟೆಗೆ ಎಷ್ಟು ಎಣ್ಣೆ ಕುಡಿಯುತ್ತೆ ಅಂತ ಕೇಳಿದ್ದರು. ಬೋಯಿಂಗ್ 777 ಏಳೆಂಟು ಟನ್ ಅಂದೆ. "ಹಂಗಾದ್ರ ನಿಮ್ಮ ಕಂಪ್ನಿ ನಡಿಯೋದು ಹೆಂಗಪ್ಪಾ?" ಅಂದರು. ಉತ್ತರ ನನ್ನ ಹತ್ತಿರವೂ ಇರಲಿಲ್ಲ.

ಕೊನೆಗೆ ತೆರಿಗೆ. ಊರಿಗೆ ಜಾಸ್ತಿ ಬಂದಷ್ಟೂ ಎನ್‌ಆರ್‌ಐ ಪಟ್ಟ ಜಾರುವ ಭಯ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಭಾರತದಲ್ಲಿ ಇರುವುದಕ್ಕೆ 182 ದಿನದ ಗೆರೆ ಎಲ್ಲರಿಗೂ ಗೊತ್ತು. 2020ರ ಬಜೆಟ್ ತಂದ ಇನ್ನೊಂದು ಗೆರೆಯನ್ನು ಬಹಳ ಜನ ಮರೆಯುತ್ತಾರೆ: ಭಾರತದ ಆದಾಯ 15 ಲಕ್ಷ ದಾಟಿದವರಿಗೆ 120 ದಿನಕ್ಕೇ ಬೇರೆ ನಿಯಮ ಶುರುವಾಗುತ್ತೆ. ಬಾಡಿಗೆ, ಶೇರು ಅಂತ ಇಲ್ಲಿ ಆದಾಯ ಇರುವವರು ಮೊದಲು ಅದನ್ನು ನೋಡಿಕೊಳ್ಳಿ. ಬಂದ ದಿನ, ಹೋದ ದಿನ ಎರಡನ್ನೂ ಲೆಕ್ಕಕ್ಕೆ ಹಿಡಿ ಅಂತ ನಮ್ಮ ಆಡಿಟರ್ ಮೊದಲೇ ಹೇಳಿದ್ದರು. ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಊರಲ್ಲಿದ್ದ ದಿನಕ್ಕೆಲ್ಲ ಕೆಂಪು ಗುಂಡು ಹಾಕುತ್ತೇನೆ, ಜನವರಿಯಲ್ಲಿ ಒಮ್ಮೆ ಕೂಡಿ ನೋಡಿ ಉಳಿದ ಬಿಡುವನ್ನು ಹಂಚುತ್ತೇನೆ. ಪಾಸ್‌ಪೋರ್ಟಿನ ಸೀಲು ಎಷ್ಟೋ ಸಲ ಮಸುಕಾಗಿ ಓದಲು ಬರಲ್ಲ. ಬೋರ್ಡಿಂಗ್ ಪಾಸುಗಳ ಫೋಟೊ ತೆಗೆದು ವರ್ಷವಾರು ಇಟ್ಟುಕೊಳ್ಳಿ.