ಟೈಟಾನಿಕ್ ಬಿಡಿ, ಅಡಿಕೆ ಧಾರಣೆ ಹಿಡಿಯಿರಿ

ಟೈಟಾನಿಕ್ ಹಡಗು ಮುಳುಗಿದ್ದು 1912ರಲ್ಲಿ. ನಮ್ಮ ಮಂಗಳೂರು, ಉಡುಪಿಯ ಇಂಜಿನಿಯರಿಂಗ್ ಮಕ್ಕಳ ರೆಸ್ಯೂಮೆಯಲ್ಲಿ ಅದು ಇನ್ನೂ ತೇಲುತ್ತಾ ಉಂಟು. ಅಂಕಿಅಂಶ ಹಂಚುವ ಕ್ಯಾಗಲ್ ಜಾಲತಾಣದಲ್ಲಿ ಸಿಗುವ 891 ಸಾಲಿನ ಪ್ರಯಾಣಿಕರ ಪಟ್ಟಿ ಇಟ್ಟುಕೊಂಡು ಯಾರು ಬದುಕಿದರು, ಯಾರು ಸತ್ತರು ಎಂದು ಊಹಿಸುವ ಪ್ರಾಜೆಕ್ಟ್ ಅದು. ಕಲಿಯುವುದಕ್ಕೆ ಒಳ್ಳೆಯದೇ. ಆದರೆ ಹೊರದೇಶದಲ್ಲಿ ಎಂಎಸ್ ಸೀಟು, ಆಮೇಲೆ ಡೇಟಾ ಸೈನ್ಸ್ ಕೆಲಸ ಬೇಕು ಎನ್ನುವವರು ಅದನ್ನೇ ತೋರಿಸಿದರೆ ನೋಡುವವರು ಪುಟ ತಿರುಗಿಸುತ್ತಾರೆ. ಜರ್ಮನಿಯಲ್ಲಿ ದುಡಿದು ಊರಿಗೆ ಮರಳಿದ ಮೇಲೆ ಭಾನುವಾರಗಳಲ್ಲಿ ನನ್ನ ಮನೆ ಜಗಲಿಗೆ ಮಕ್ಕಳು ಫೈಲು ಹಿಡಿದುಕೊಂಡು ಬರುತ್ತಾರೆ. ಎಲ್ಲರೂ ಜಾರುವುದು ಹೆಚ್ಚುಕಡಿಮೆ ಒಂದೇ ಮೆಟ್ಟಿಲಲ್ಲಿ.

ಮೊದಲು ದೇಶ

ದುಡ್ಡಿನ ಲೆಕ್ಕ ಹಾಕಿಯೇ ದೇಶ ಆರಿಸಿ. ಅಮೆರಿಕದಲ್ಲಿ ಓದು ಮುಗಿದ ಮೇಲೆ ಒಪಿಟಿ ಎಂಬ ತಾತ್ಕಾಲಿಕ ಕೆಲಸದ ಪರವಾನಗಿಯಲ್ಲಿ 12 ತಿಂಗಳು, ನಮ್ಮ ವಿಷಯದವರಿಗೆ ಮತ್ತೆ 24 ತಿಂಗಳು ಕೆಲಸ ಮಾಡಬಹುದು. ಅದರಾಚೆಗೆ ಎಚ್‌1ಬಿ ಉದ್ಯೋಗ ವೀಸಾ. ವರ್ಷಕ್ಕೆ 65,000, ಅಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000. ಚೀಟಿ ಎತ್ತಿದ ಹಾಗೆಯೇ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಉಂಟು, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಹಾಕಿದೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ತೋಟ ಅಡವಿಟ್ಟು ಹೋಗುವ ಮನೆಯವರಾದರೆ ಜರ್ಮನಿಗೇ ಹೋಗಿ. ಇದರಲ್ಲಿ ನನ್ನ ಜೊತೆ ಚರ್ಚೆ ಬೇಡ.

ಆಮೇಲೆ ಗಣಿತ

ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ, ಸಂಖ್ಯಾಶಾಸ್ತ್ರ, ಎಸ್‌ಕ್ಯೂಎಲ್, ಪೈಥಾನ್. ಇಷ್ಟೇ. ವಾರಾಂತ್ಯದಲ್ಲಿ ಮುಗಿಯುವ ಆನ್‌ಲೈನ್ ಕೋರ್ಸುಗಳ ಸರ್ಟಿಫಿಕೇಟನ್ನು ಲ್ಯಾಮಿನೇಷನ್ ಮಾಡಿಸಿ ತರಬೇಡಿ.

ಎಲ್ಲರೂ ಜಾರುವ ಮೆಟ್ಟಿಲು: ನಿಮ್ಮದೇ ಒಂದು ಪ್ರಾಜೆಕ್ಟ್

ಹತ್ತು ಬೇಡ, ಒಂದು ಸಾಕು. ನೀವು ಹುಟ್ಟಿನಿಂದ ಬಲ್ಲ ವಿಷಯವೇ ಆಗಲಿ. ಪುತ್ತೂರು ಕಡೆಯ ಹುಡುಗನೊಬ್ಬ ಅಡಿಕೆ ಧಾರಣೆ ಊಹಿಸುವ ಮಾಡೆಲ್ ಮಾಡಿ ತಂದಿದ್ದ. ಸರ್ಕಾರದ ಕೃಷಿ ಮಾರುಕಟ್ಟೆ ಜಾಲತಾಣ ಅಗ್‌ಮಾರ್ಕ್‌ನೆಟ್‌ನಿಂದ ಮಾರುಕಟ್ಟೆ ದರ ಇಳಿಸಿಕೊಂಡಿದ್ದ. ವಿಷಯ ಒಳ್ಳೆಯದು. "98 ಪರ್ಸೆಂಟ್ ಸರಿ ಬರ್ತದೆ ಸರ್" ಎಂದ. ಜೊತೆಗೆ ಬಂದಿದ್ದ ಅವನ ಅಪ್ಪ ಹಾಳೆಯ ಮೇಲೆ ಬೆರಳಿಟ್ಟು ಕೇಳಿದ್ದು ಒಂದೇ ಮಾತು: "ಇದು ಚಾಲಿಯದ್ದಾ, ಕೆಂಪಿನದ್ದಾ ಮಾರಾಯ?"

ಹುಡುಗನ ಬಳಿ ಉತ್ತರ ಇರಲಿಲ್ಲ. ಒಣಗಿಸಿ ಸುಲಿದ ನಮ್ಮ ಚಾಲಿ, ಬೇಯಿಸಿ ಒಣಗಿಸಿದ ಶಿವಮೊಗ್ಗದ ಕೆಂಪಡಿಕೆಯ ದರ್ಜೆಗಳಾದ ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲವನ್ನೂ ಒಂದೇ ಕಾಲಂಗೆ ಸುರಿದು ಸರಾಸರಿ ತೆಗೆದಿದ್ದ. ದುಬಾರಿ ದರ್ಜೆಯಾದ ಸರಕು ಹೆಚ್ಚು ಬಂದ ದಿನ ಧಾರಣೆ ಏರಿದ ಹಾಗೆ, ಅಗ್ಗದ ಗೊರಬಲು ಹೆಚ್ಚು ಬಂದ ದಿನ ಬಿದ್ದ ಹಾಗೆ ಕಾಣುತ್ತಿತ್ತು. ಮಧ್ಯೆ ಕೆಲವು ದರ ಪತ್ರಿಕೆಯಿಂದ ಟೈಪ್ ಮಾಡಿದ್ದು. ಕರಾವಳಿಯಲ್ಲಿ ಧಾರಣೆ ಹೇಳುವುದು ಕಿಲೋಗೆ, ಘಟ್ಟದ ಮೇಲೆ ಕ್ವಿಂಟಲಿಗೆ. ನೂರು ಪಟ್ಟು ವ್ಯತ್ಯಾಸ ಹಾಗೆಯೇ ಒಳಗೆ ಕೂತಿತ್ತು.

ಹಾಗಾಗಿ ಮೊದಲ ಕೆಲಸ ಮಾಡೆಲ್ ಅಲ್ಲ, ಶುಚಿ ಮಾಡುವುದು. ಒಂದು ಬಗೆ, ಒಂದು ಮಾರುಕಟ್ಟೆ, ಒಂದು ಅಳತೆ. ಊರಿನ ಹೆಸರು ನೋಡಿ: 2014ರ ನವೆಂಬರ್ 1ರಿಂದ ಮ್ಯಾಂಗಲೋರ್ ಅಧಿಕೃತವಾಗಿ ಮಂಗಳೂರು ಆಯಿತು, ಕಂಪ್ಯೂಟರಿಗೆ ಅವು ಎರಡು ಬೇರೆ ಊರು. ಜಿಲ್ಲೆಯ ಅಂಕಿ ಹಿಡಿದರೆ ಇನ್ನೊಂದು ಗುಂಡಿ. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲಿನ ದಕ್ಷಿಣ ಕನ್ನಡದ ಭತ್ತದ ಲೆಕ್ಕದಲ್ಲಿ ಉಡುಪಿಯೂ ಸೇರಿದೆ. ಗ್ರಾಫ್ ದಢಕ್ಕನೆ ಕೆಳಗಿಳಿದದ್ದನ್ನು ನೋಡಿ "ನಗರೀಕರಣದ ಪರಿಣಾಮ" ಎಂದು ಬರೆದವರನ್ನು ಕಂಡಿದ್ದೇನೆ.

ಇನ್ನು ಆ 98 ಪರ್ಸೆಂಟ್. ಸಾಲುಗಳನ್ನು ಇಸ್ಪೀಟಿನ ಹಾಗೆ ಕಲಸಿ, ಒಂದು ಪಾಲು ಕಲಿಕೆಗೆ, ಉಳಿದದ್ದು ಪರೀಕ್ಷೆಗೆ ಇಟ್ಟಿದ್ದ. ಅಂದರೆ ಸೋಮವಾರ ಮತ್ತು ಬುಧವಾರದ ಧಾರಣೆ ತೋರಿಸಿ ಮಂಗಳವಾರದ್ದು ಹೇಳು ಎಂದ ಹಾಗೆ. ಯಾರಿಗೆ ಬರುವುದಿಲ್ಲ? ಕಾಲಕ್ಕೆ ಕಟ್ಟಿದ ಅಂಕಿಯನ್ನು ಕಾಲದಲ್ಲೇ ಕತ್ತರಿಸಬೇಕು: 2022ರವರೆಗೆ ಕಲಿಸಿ, 2023ರಲ್ಲಿ ಪರೀಕ್ಷಿಸಿ. ಜೊತೆಗೆ ಒಂದು ಪೆದ್ದು ಎದುರಾಳಿಯನ್ನೂ ನಿಲ್ಲಿಸಿ: "ನಾಳೆಯ ಧಾರಣೆ ಇವತ್ತಿನದ್ದೇ." ನಿಮ್ಮ ಮಾಡೆಲ್ ಇದಕ್ಕೆ ಸೋತರೆ ನಾಚಿಕೆ ಬೇಡ, ಕೋಡ್ ಇಡುವ ಗಿಟ್‌ಹಬ್ ಜಾಲತಾಣದ ರೀಡ್‌ಮಿ ಎಂಬ ಪರಿಚಯ ಪುಟದಲ್ಲಿ ಸೋತಿತು ಎಂದೇ ಬರೆಯಿರಿ, ಯಾಕೆ ಸೋತಿತು ಎಂದೂ ಬರೆಯಿರಿ. ಸಂದರ್ಶನ ಮಾಡುತ್ತಿದ್ದಾಗ ನಾನು ಮೊದಲು ಓದುತ್ತಿದ್ದದ್ದು ಆ ಪ್ಯಾರಾವನ್ನೇ. ಎಲ್ಲವನ್ನೂ ಕೊನೆಯ ರಾತ್ರಿ "ಫೈನಲ್" ಎಂದು ಒಮ್ಮೆಲೇ ಏರಿಸಬೇಡಿ. ಕೆಲಸ ಮಾಡಿದ ದಿನವೇ ಕಮಿಟ್ ಮಾಡಿ, ಅಂದರೆ ಬದಲಾವಣೆಯನ್ನು ದಾಖಲಿಸಿ. ಪೇಟೆಯಲ್ಲಿ ದುಡ್ಡಿಗೆ ಸಿಗುವ ರೆಡಿಮೇಡ್ ಪ್ರಾಜೆಕ್ಟು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತದೆ.

ಕಾಗದಪತ್ರ

ಜರ್ಮನಿಗೆ ನಿಮ್ಮ ಅಂಕಪಟ್ಟಿ ಅಸಲಿ ಎಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರ ಬೇಕೇಬೇಕು. 2022ರ ನವೆಂಬರಿನಿಂದ ಅದಿಲ್ಲದೆ ವಿದ್ಯಾರ್ಥಿ ವೀಸಾ ಇಲ್ಲ. 18,000 ರೂಪಾಯಿ ಶುಲ್ಕ, ಸಮಯವೂ ಹಿಡಿಯುತ್ತದೆ, ಮೊದಲೇ ಹಾಕಿ. ಅಂಕಪಟ್ಟಿಯ ಜೊತೆ ಪಠ್ಯಕ್ರಮದ ವಿವರವನ್ನೂ ಜೋಡಿಸಿಕೊಳ್ಳಿ. ಅಲ್ಲಿನವರು ಗಣಿತಕ್ಕೆ ಎಷ್ಟು ಕ್ರೆಡಿಟ್, ಪ್ರೋಗ್ರಾಮಿಂಗಿಗೆ ಎಷ್ಟು ಎಂದು ಎಣಿಸುತ್ತಾರೆ. "ಎಂ-4" ಎಂಬ ಗಣಿತ ಪತ್ರಿಕೆಯ ಹೆಸರಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಜೀವನ ವೆಚ್ಚಕ್ಕೆ, ತಿಂಗಳಿಗೆ ಇಷ್ಟೇ ಎಂದು ಹಣ ಬಿಡುವ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಇದು ಲೆಕ್ಕ, ಹಾಕುವ ಮೊದಲು ಏರಿದೆಯೇ ನೋಡಿಕೊಳ್ಳಿ.

ಶಿಫಾರಸು ಪತ್ರಕ್ಕೆ ಹೋದರೆ ಕೆಲವು ಮೇಷ್ಟ್ರು "ಬರ್ಕೊಂಡು ಬನ್ನಿ, ಸೈನ್ ಹಾಕ್ತೇನೆ" ಎನ್ನುತ್ತಾರೆ. ನಯವಾಗಿ ಬೇರೆ ಮೇಷ್ಟ್ರನ್ನು ಹುಡುಕಿ. ಲ್ಯಾಬಿನಲ್ಲಿ ನಿಮ್ಮನ್ನು ನಿಜವಾಗಿ ನೋಡಿದವರು ನಾಲ್ಕು ಸಾಲು ಬರೆದರೂ ಸಾಕು.

ಎಸ್‌ಒಪಿ

ಯಾಕೆ ಓದಬೇಕೆಂದಿದ್ದೀರಿ ಎಂದು ವಿಶ್ವವಿದ್ಯಾಲಯಕ್ಕೆ ಹೇಳುವ ಈ ಪತ್ರವನ್ನು ನೀವೇ ಬರೆಯಿರಿ. ಏಜೆನ್ಸಿಗೆ ದುಡ್ಡು ಕೊಟ್ಟು ಬರೆಸಿದ ಒಬ್ಬ ಹುಡುಗನ ಪತ್ರದ ಮೂರನೇ ಪ್ಯಾರಾದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೇಲೆ ಬಾಲ್ಯದಿಂದಲೂ ಅವನಿಗಿದ್ದ ಒಲವಿನ ವರ್ಣನೆ ಇತ್ತು. ಅವನು ಓದಿದ್ದು ಕಂಪ್ಯೂಟರ್ ಸೈನ್ಸ್. ಬಾಲ್ಯ ಬಿಟ್ಟುಬಿಡಿ. ಅಡಿಕೆಯ ಅಂಕಿಯಲ್ಲಿ ಏನು ತಪ್ಪಿತು, ಹೇಗೆ ಹಿಡಿದಿರಿ, ಮುಂದೆ ಯಾವ ವಿಷಯ ಕಲಿತರೆ ಅದನ್ನು ಇನ್ನೂ ಚೆನ್ನಾಗಿ ಮಾಡುತ್ತೀರಿ, ಅದು ಆ ವಿಶ್ವವಿದ್ಯಾಲಯದ ಯಾವ ಕೋರ್ಸಿನಲ್ಲಿದೆ. ಪುಟ ತಾನೇ ತುಂಬುತ್ತದೆ.

ಅಕ್ಟೋಬರಿನಲ್ಲಿ ಆರಂಭವಾಗುವ ಸೆಮಿಸ್ಟರಿಗೆ ಹಲವು ಕಡೆ ಜುಲೈ 15 ಕೊನೆಯ ದಿನ, ಕೆಲವು ಕಡೆ ಇನ್ನೂ ಮೊದಲೇ. ಜರ್ಮನ್ ಭಾಷೆ ಮಾತ್ರ ಇವತ್ತೇ ಶುರುಮಾಡಿ. ತರಗತಿ ಇಂಗ್ಲಿಷಿನಲ್ಲೇ ನಡೆಯುತ್ತದೆ, ನಿಜ. ಬಾಡಿಗೆ ಕರಾರು ಮಾತ್ರ ಜರ್ಮನ್‌ನಲ್ಲಿ ಬರುತ್ತದೆ.