ಚಂದ್ರನ ಹಿಂದೆ ನಕ್ಷತ್ರ ಮರೆಯಾಗುವ ಗಳಿಗೆ ಹಿಡಿಯುವುದು ಹೇಗೆ?

ಗ್ರಹಗಳ ಯುತಿ, ಅಂದರೆ ಎರಡು ಗ್ರಹ ಆಕಾಶದಲ್ಲಿ ಹತ್ತಿರ ಬಂದಂತೆ ಕಾಣುವುದು, ನೋಡಲು ಅವಸರವಿಲ್ಲ. 2026ರ ಜೂನ್ 9ರ ಸಂಜೆ ಗುರು, ಶುಕ್ರರ ನಡುವಿನ ಅಂತರ ಸುಮಾರು 1.6 ಡಿಗ್ರಿ. ಹಿಂದಿನ ಸಂಜೆಯೂ ಮರುದಿನವೂ 2 ಡಿಗ್ರಿಯೊಳಗೇ ಇರುವುದರಿಂದ, ಮುಂಗಾರಿನ ಮೋಡ ಒಂದು ದಿನ ಕೈಕೊಟ್ಟರೂ ಇನ್ನೆರಡು ಉಳಿದಿರುತ್ತವೆ. ಸೂರ್ಯ ಮುಳುಗಿ ಅರ್ಧ ಗಂಟೆಗೆ ಪಶ್ಚಿಮಕ್ಕೆ ನೋಡಿ: ಹೆಚ್ಚು ಹೊಳೆಯುವುದು ಶುಕ್ರ, ಬಲಗಡೆ ಕಾಣುವ ಜೋಡಿ ಪುನರ್ವಸು. 10×50 ಬೈನಾಕ್ಯುಲರ್ ಧಾರಾಳ ಸಾಕು.

ಆಚ್ಛಾದನೆ, ಅಂದರೆ ಚಂದ್ರ ನಕ್ಷತ್ರವನ್ನು ಮರೆಮಾಡುವುದು, ಇಷ್ಟು ಸಲೀಸಲ್ಲ. ಭೂಮಿಯ ಬೇರೆ ಬೇರೆ ಕಡೆಯಿಂದ ನೋಡಿದಾಗ ಚಂದ್ರನ ಜಾಗ ಒಂದು ಡಿಗ್ರಿಗೂ ಹೆಚ್ಚು ಸರಿಯಬಲ್ಲದು. ಚಂದ್ರನ ಅಗಲವೋ ಅರ್ಧ ಡಿಗ್ರಿ. ಹಾಗಾಗಿ ದೆಹಲಿಯ ಸಮಯಪಟ್ಟಿ ಮಂಗಳೂರಿಗೆ ಆಗುವುದಿಲ್ಲ, ಬೆಂಗಳೂರಿಗೂ ಮಂಗಳೂರಿಗೂ ನಿಮಿಷಗಟ್ಟಲೆ ವ್ಯತ್ಯಾಸ ಬರುತ್ತದೆ. ಆಕಾಶ ತೋರಿಸುವ ಸ್ಟೆಲೇರಿಯಂ ತಂತ್ರಾಂಶದಲ್ಲಿ ನಿಮ್ಮೂರಿನ ಅಕ್ಷಾಂಶ, ರೇಖಾಂಶ ಕೊಟ್ಟು ಸಮಯ ತೆಗೆಯಿರಿ. ಹೇಳಿದ ಹೊತ್ತಿಗೆ ಇಪ್ಪತ್ತು ನಿಮಿಷ ಮೊದಲೇ ಟೆಲಿಸ್ಕೋಪ್ ಸಜ್ಜಾಗಿರಲಿ.

ಹೊಸಬರು ಶುಕ್ಲಪಕ್ಷದ ಚೌತಿಯಿಂದ ದಶಮಿಯೊಳಗಿನ ಆಚ್ಛಾದನೆಯನ್ನೇ ಆರಿಸಿಕೊಳ್ಳಿ. ಆಗ ಚಂದ್ರನ ಕತ್ತಲೆಯ ಅಂಚು ಮುಂದಿರುತ್ತದೆ, ನಕ್ಷತ್ರ ಅದರ ಹಿಂದೆ ಸರಿಯುತ್ತದೆ. ಕೃಷ್ಣಪಕ್ಷದಲ್ಲಿ ಬೆಳಗಿದ ಅಂಚು ಮುಂದು; ಮರೆಯಾಗುವುದು ಪ್ರಖರತೆಯಲ್ಲಿ ಕಳೆದುಹೋಗುತ್ತದೆ, ಹೊರಬರುವುದಷ್ಟೇ ಚೆನ್ನಾಗಿ ಕಾಣುತ್ತದೆ. ಆದರೆ ಎಲ್ಲಿ ಹೊರಬರುತ್ತದೆಂದು ಮೊದಲೇ ಗುರುತಿಟ್ಟುಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ: ಕನ್ನಡಿಯ ನ್ಯೂಟನ್ ಟೆಲಿಸ್ಕೋಪ್ ಚಿತ್ರವನ್ನು ತಲೆಕೆಳಗು ಮಾಡುತ್ತದೆ, ಮಸೂರದ ಟೆಲಿಸ್ಕೋಪಿಗೆ ಡಯಾಗನಲ್ (ಬೆಳಕನ್ನು ಕಣ್ಣಿನತ್ತ ತಿರುಗಿಸುವ ಓರೆ ಕನ್ನಡಿ) ಹಾಕಿದರೆ ಎಡಬಲ ಅದಲುಬದಲು. ನೀವು ಒಂದು ಅಂಚನ್ನು ನೋಡುತ್ತಿರುವಾಗ ನಕ್ಷತ್ರ ಇನ್ನೊಂದು ಕಡೆ ಬಂದಾಗಿರುತ್ತದೆ.

ಚಂದ್ರನಿಗೆ ವಾತಾವರಣವಿಲ್ಲ. ಆದ್ದರಿಂದ ನಕ್ಷತ್ರ ಮಂಕಾಗುತ್ತಾ ಹೋಗುವುದಿಲ್ಲ. ಇತ್ತು, ಇಲ್ಲ, ಅಷ್ಟೆ. ಗ್ರಹವಾದರೆ ಬಿಂಬ ಸರಿಯಲು ಹೊತ್ತು ಬೇಕು, ಗುರುವಿಗೆ ಒಂದು ನಿಮಿಷಕ್ಕೂ ಹೆಚ್ಚು.

ಸಮಯ ದಾಖಲಿಸಲು ಫೋನಿನ ವಾಯ್ಸ್ ರೆಕಾರ್ಡರ್ ಹಚ್ಚಿ, ಜಿಪಿಎಸ್ ಗಡಿಯಾರ ನೋಡಿ ಒಂದು ನಿಮಿಷ ಮುಗಿಯುವುದನ್ನು ಗಟ್ಟಿಯಾಗಿ ಹೇಳಿ, ನಕ್ಷತ್ರ ಹೋದೊಡನೆ "ಹೋಯ್ತು" ಅನ್ನಿ. ಬಾಯಿ ಕಣ್ಣಿಗಿಂತ ಸ್ವಲ್ಪ ತಡ, ಅದನ್ನು ಕಳೆಯಿರಿ. ಫೋನಿನಲ್ಲಿ ವಿಡಿಯೋ ತೆಗೆಯುವುದಾದರೆ ಎಕ್ಸ್‌ಪೋಷರ್ ಲಾಕ್ ಮಾಡಿ, ಇಲ್ಲವಾದರೆ ಚಂದ್ರನ ಬೆಳಕಿಗೆ ಕ್ಯಾಮೆರಾ ತಾನೇ ಕತ್ತಲಾಗಿಸಿ ನಕ್ಷತ್ರವನ್ನು ಅಳಿಸಿಬಿಡುತ್ತದೆ.

ಮೊದಲ ದರ್ಜೆಯ ಹೊಳಪಿನ ನಕ್ಷತ್ರಗಳಲ್ಲಿ ಚಂದ್ರನ ದಾರಿಗೆ ಬರುವವು ನಾಲ್ಕೇ: ರೋಹಿಣಿ, ಮಘಾ, ಚಿತ್ತಾ, ಜ್ಯೇಷ್ಠಾ. ಚಂದ್ರ ಜ್ಯೇಷ್ಠಾವನ್ನು ಮತ್ತೆ ಮತ್ತೆ ಮರೆಮಾಡುವ ಈಗಿನ ಸರಣಿ 2028ರವರೆಗಿದೆ. ಕೃಷ್ಣಪಕ್ಷದ ನಸುಕಿನಲ್ಲಿ ಅದು ನಿಮ್ಮೂರಿಗೆ ಸಿಕ್ಕರೆ ಬಿಡಬೇಡಿ: ಕೆಂಪು ನಕ್ಷತ್ರ ಹೊರಬರುವ ಕೆಲವು ಸೆಕೆಂಡ್ ಮೊದಲು ಕತ್ತಲೆಯ ಅಂಚಿನಲ್ಲಿ ಒಂದು ಸಣ್ಣ ಹಸಿರು ಚುಕ್ಕೆ ಇಣುಕುತ್ತದೆ. ಅದು ಜ್ಯೇಷ್ಠಾದ ಜೊತೆಗಾರ. 1819ರಲ್ಲಿ ಅದು ಮೊದಲು ಕಂಡದ್ದೂ ಹೀಗೆಯೇ.