ಅಂಕ ಗ್ರೇಡ್ ಆಗುವ ಬಗೆ: ಗಡಿ ಎಲ್ಲಿ ಬೀಳುತ್ತದೆ, ಲೆಕ್ಕ ಎಲ್ಲಿ ತಪ್ಪುತ್ತದೆ

ಒಂದೇ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ವಿಷಯದ 92ಕ್ಕೆ ಎ1, ಇನ್ನೊಂದು ವಿಷಯದ 92ಕ್ಕೆ ಎ2 ಬಂದಿದ್ದರೆ ಅದು ಮುದ್ರಣದೋಷವಲ್ಲ. ಗ್ರೇಡಿನ ಗಡಿ ಎಳೆಯಲು ಎರಡು ದಾರಿಗಳಿವೆ. ಒಂದರಲ್ಲಿ ಪರೀಕ್ಷೆಗೆ ಮುಂಚೆಯೇ ಗಡಿ ಗೊತ್ತಾಗಿರುತ್ತದೆ. ಇನ್ನೊಂದರಲ್ಲಿ ಎಲ್ಲರ ಉತ್ತರಪತ್ರಿಕೆ ತಿದ್ದಿ, ಅಂಕಗಳನ್ನು ಸಾಲಾಗಿ ಜೋಡಿಸಿದ ಮೇಲೆಯೇ ಗಡಿ ಹುಟ್ಟುತ್ತದೆ. ನಿಮ್ಮ ಪರೀಕ್ಷೆ ಯಾವ ಬಗೆಯದು ಎಂದು ಮೊದಲು ತಿಳಿದುಕೊಳ್ಳಿ, ಲೆಕ್ಕ ಆಮೇಲೆ.

ಮೊದಲ ಬಗೆ ಸರಳ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ಎ ಪ್ಲಸ್ ಗಡಿ ಶೇ. 90. 625ರ ಶೇ. 90 ಎಂದರೆ 562.5. ಅರ್ಧ ಅಂಕ ಇಲ್ಲವಾದ್ದರಿಂದ ಎ ಪ್ಲಸ್ ಶುರುವಾಗುವುದು 563ಕ್ಕೆ. 562 ಬಂದವರ ಶೇಕಡಾವಾರು 89.92. ಮನೆಯಲ್ಲಿ ಅದನ್ನು ‘ತೊಂಬತ್ತು ಪರ್ಸೆಂಟ್’ ಎನ್ನುತ್ತಾರೆ, ಆದರೆ ಗ್ರೇಡ್ ಎ. ಶೇಕಡಾವಾರನ್ನು ಮೇಲಕ್ಕೆ ಸರಿಹೊಂದಿಸಿ ಗ್ರೇಡ್ ಊಹಿಸಬಾರದು, ಒಟ್ಟು ಅಂಕವನ್ನೇ ಗಡಿಗೆ ಹಿಡಿದು ನೋಡಬೇಕು.

ಎರಡನೆಯ ಬಗೆಗೆ ಒಳ್ಳೆಯ ಉದಾಹರಣೆ ಸಿಬಿಎಸ್‌ಇ. ಅಲ್ಲಿ ಒಂದು ವಿಷಯದಲ್ಲಿ ಪಾಸಾದವರನ್ನು ಮಾತ್ರ ಅಂಕದ ಇಳಿಕೆಯ ಕ್ರಮದಲ್ಲಿ ನಿಲ್ಲಿಸಿ ಎಂಟು ಪಾಲು ಮಾಡುತ್ತಾರೆ. ಮೇಲಿನ ಎಂಟನೇ ಒಂದು ಭಾಗಕ್ಕೆ ಎ1, ಮುಂದಿನದಕ್ಕೆ ಎ2, ಹೀಗೆ ಬಿ1, ಬಿ2, ಸಿ1, ಸಿ2, ಡಿ1, ಡಿ2. ಪಾಸಾಗದವರಿಗೆ ಇ.

ಗಡಿ ನಿಜವಾಗಿ ಬೀಳುವ ಜಾಗವನ್ನು ಹತ್ತಿರದಿಂದ ನೋಡೋಣ. ಒಂದು ವಿಷಯದಲ್ಲಿ 8,000 ಮಂದಿ ಪಾಸಾಗಿದ್ದಾರೆ ಎಂದುಕೊಳ್ಳಿ. ಒಂದು ಪಾಲಿಗೆ 1,000 ಮಂದಿ. 93 ಮತ್ತು ಅದಕ್ಕಿಂತ ಹೆಚ್ಚು ಪಡೆದವರು 940. ಸರಿಯಾಗಿ 92 ಪಡೆದವರು 150. ಸಾವಿರದ ಗೆರೆ ಈ 150 ಮಂದಿಯ ನಡುವೆ ಹಾದುಹೋಗುತ್ತದೆ: 60 ಮಂದಿ ಗೆರೆಯ ಮೇಲೆ, 90 ಮಂದಿ ಕೆಳಗೆ. ಒಂದೇ ಅಂಕ ಪಡೆದವರಿಗೆ ಬೇರೆ ಬೇರೆ ಗ್ರೇಡ್ ಕೊಡುವಂತಿಲ್ಲ, ಹಾಗಾಗಿ ಸಣ್ಣ ತುಂಡು ದೊಡ್ಡ ತುಂಡಿನ ಜೊತೆ ಹೋಗಬೇಕೆಂಬುದು ನಿಯಮ. ಇಲ್ಲಿ 150 ಮಂದಿಗೂ ಎ2. ಎ1 ಶುರುವಾಗುವುದು 93ಕ್ಕೆ. 93ರ ಮೇಲಿನವರು 890 ಮಾತ್ರ ಆಗಿದ್ದರೆ 110 ಮಂದಿ ಗೆರೆಯ ಮೇಲಿರುತ್ತಿದ್ದರು, ಆಗ 92ಕ್ಕೂ ಎ1 ಸಿಗುತ್ತಿತ್ತು. ವಿದ್ಯಾರ್ಥಿ ಬರೆದದ್ದು ಅದೇ ಉತ್ತರ, ಅಂಕವೂ ಅದೇ. ಬದಲಾದದ್ದು ಸಾಲಿನಲ್ಲಿ ಮುಂದಿದ್ದವರ ಸಂಖ್ಯೆ.

ಇದರಿಂದ ಎರಡು ಮಾತು ಹೊರಡುತ್ತವೆ. ಪ್ರಶ್ನೆಪತ್ರಿಕೆ ಕಷ್ಟವಾಗಿ ಎಲ್ಲರ ಅಂಕ ಇಳಿದರೆ ಗಡಿಯೂ ಇಳಿಯುತ್ತದೆ, ಸುಲಭವಾದರೆ ಏರುತ್ತದೆ. ಮತ್ತು ಕಳೆದ ವರ್ಷದ ಗಡಿಯನ್ನು ಈ ವರ್ಷದ ಗುರಿ ಮಾಡಿಕೊಳ್ಳುವುದು ಅಪಾಯ. ಈ ಎಂಟು ಪಾಲಿನ ಲೆಕ್ಕ ಪಾಸಾದವರು 500ಕ್ಕಿಂತ ಹೆಚ್ಚಿರುವ ವಿಷಯಗಳಿಗೆ. ಚಿಕ್ಕ ವಿಷಯಗಳಿಗೆ ಅವುಗಳನ್ನು ಹೋಲುವ ವಿಷಯಗಳ ಮಾದರಿ ಅನುಸರಿಸುತ್ತಾರೆ.

ಸಿಬಿಎಸ್‌ಇ ಹೆಸರಲ್ಲಿ ಇನ್ನೂ ಓಡಾಡುವ ಒಂದು ಸೂತ್ರವನ್ನು ಮರೆತುಬಿಡಿ: ಸಿಜಿಪಿಎಯನ್ನು (ಗ್ರೇಡ್ ಪಾಯಿಂಟ್‌ಗಳ ಒಟ್ಟು ಸರಾಸರಿಯನ್ನು) 9.5ರಿಂದ ಗುಣಿಸುವುದು. ಸಿಬಿಎಸ್‌ಇಯಲ್ಲಿ ಅದು ಹಿಂದಿನ ಸಿಸಿಇ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ಪದ್ಧತಿಯಲ್ಲಿ ಹತ್ತನೇ ತರಗತಿ ಮುಗಿಸಿದವರ ಅಂಕಪಟ್ಟಿಗೆ ಸೇರಿದ್ದು. ನಿಮ್ಮ ವಿಶ್ವವಿದ್ಯಾಲಯವೇ ಹೇಳದಿದ್ದಾಗ ಎಂಜಿನಿಯರಿಂಗ್ ಅಥವಾ ಡಿಗ್ರಿಯ ಸಿಜಿಪಿಎಗೆ ಅದನ್ನು ಹಚ್ಚಿದರೆ ಅರ್ಜಿಯಲ್ಲಿ ತಪ್ಪು ಶೇಕಡಾವಾರು ಹೋಗುತ್ತದೆ. ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವುದು ಇಂಥದ್ದೇ.

ವಿಶ್ವವಿದ್ಯಾಲಯಗಳ ಲೆಕ್ಕ ಬೇರೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಹತ್ತು ಪಾಯಿಂಟ್ ಮಾದರಿಯಲ್ಲಿ ಓ ಗ್ರೇಡಿಗೆ 10, ಎ ಪ್ಲಸ್‌ಗೆ 9, ಎಗೆ 8, ಬಿ ಪ್ಲಸ್‌ಗೆ 7, ಬಿಗೆ 6, ಸಿಗೆ 5, ಪಿಗೆ 4, ಎಫ್‌ಗೆ ಸೊನ್ನೆ. ಎಷ್ಟು ಅಂಕಕ್ಕೆ ಯಾವ ಗ್ರೇಡ್ ಎಂಬುದು ಆಯಾ ವಿಶ್ವವಿದ್ಯಾಲಯದ ನಿಯಮಾವಳಿಯಲ್ಲಿರುತ್ತದೆ. ನೀವು ಸೇರಿದ ವರ್ಷದ ಸ್ಕೀಮನ್ನೇ ನೋಡಿ, ಸೀನಿಯರ್‌ಗಳ ಸ್ಕೀಮ್ ಬೇರೆ ಇರಬಹುದು.

ಎಸ್‌ಜಿಪಿಎ, ಅಂದರೆ ಒಂದು ಸೆಮಿಸ್ಟರಿನ ಸರಾಸರಿ, ತೆಗೆಯುವಾಗ ಪ್ರತಿ ವಿಷಯದ ಗ್ರೇಡ್ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ (ಆ ವಿಷಯಕ್ಕೆ ಕೊಟ್ಟ ತೂಕದಿಂದ) ಗುಣಿಸಿ, ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಬೇಕು. 4, 4, 3, 1 ಕ್ರೆಡಿಟ್‌ನ ನಾಲ್ಕು ವಿಷಯಗಳಲ್ಲಿ 8, 7, 9, 10 ಪಾಯಿಂಟ್ ಬಂದಿವೆ ಎನ್ನಿ. 32 + 28 + 27 + 10 = 97. ಅದನ್ನು 12ರಿಂದ ಭಾಗಿಸಿದರೆ 8.08. ಕ್ರೆಡಿಟ್ ಬಿಟ್ಟು ನೇರ ಸರಾಸರಿ ಹಾಕಿದವರಿಗೆ 8.50 ಬರುತ್ತದೆ, ಒಂದು ಕ್ರೆಡಿಟ್‌ನ ಲ್ಯಾಬಿನ ಹತ್ತು ಪಾಯಿಂಟ್ ಲೆಕ್ಕವನ್ನು ಉಬ್ಬಿಸಿರುತ್ತದೆ. ಎಲ್ಲ ಸೆಮಿಸ್ಟರ್ ಸೇರಿಸಿದ ಸಿಜಿಪಿಎಯಲ್ಲೂ ಇದೇ ಎಡವಟ್ಟು: ಒಂದು ಸೆಮಿಸ್ಟರಿನ 20 ಕ್ರೆಡಿಟ್‌ಗೆ 8.20, ಇನ್ನೊಂದರ 24 ಕ್ರೆಡಿಟ್‌ಗೆ 7.40 ಆದರೆ ಉತ್ತರ 7.80 ಅಲ್ಲ, 7.76. ಎಫ್ ಬಂದ ವಿಷಯ ಪಾಯಿಂಟ್ ಕೊಡದಿದ್ದರೂ ಅದರ ಕ್ರೆಡಿಟ್ ಭಾಜಕದಲ್ಲಿ ಕೂತೇ ಇರುತ್ತದೆ. ಒಂದು ಬ್ಯಾಕ್‌ಲಾಗ್‌ಗೆ ಎಸ್‌ಜಿಪಿಎ ಅಷ್ಟು ಕುಸಿಯುವುದು ಅದಕ್ಕೇ.

ಸಿಜಿಪಿಎಯಿಂದ ಶೇಕಡಾವಾರಿಗೆ ಎಲ್ಲರಿಗೂ ಒಪ್ಪುವ ಸೂತ್ರವಿಲ್ಲ. ಕೆಲವು ಕಡೆ ನೇರ 10ರಿಂದ ಗುಣಿಸುತ್ತಾರೆ, ಕೆಲವು ಕಡೆ 0.75 ಕಳೆದು ಆಮೇಲೆ 10ರಿಂದ ಗುಣಿಸುತ್ತಾರೆ. 7.76 ಒಂದು ಕಡೆ ಶೇ. 77.6, ಇನ್ನೊಂದು ಕಡೆ ಶೇ. 70.1. ಮಾರ್ಕ್ಸ್ ಕಾರ್ಡಿನ ಹಿಂಬದಿ ನೋಡಿ. ಅಲ್ಲಿಲ್ಲದಿದ್ದರೆ ವಿಶ್ವವಿದ್ಯಾಲಯದಿಂದ ಪರಿವರ್ತನೆಯ ಪ್ರಮಾಣಪತ್ರ ಪಡೆದು ಅರ್ಜಿಗೆ ಲಗತ್ತಿಸಿ.

ಒಂದು ಅಂಕ ಎಲ್ಲಿ ಕಳೆದುಹೋಯಿತು ಎಂದು ತಲೆಕೆಡಿಸಿಕೊಳ್ಳುವವರು ಪೂರ್ಣಾಂಕ ಮಾಡುವ ಹಂತವನ್ನು ಗಮನಿಸಬೇಕು. ಇಂಟರ್ನಲ್ಸ್‌ನಲ್ಲಿ 50ಕ್ಕೆ 42.5, ಥಿಯರಿಯಲ್ಲಿ 100ಕ್ಕೆ 73. ಥಿಯರಿಯನ್ನು 50ಕ್ಕೆ ಇಳಿಸಿದರೆ 36.5. ಎರಡನ್ನೂ ಬೇರೆ ಬೇರೆಯಾಗಿ ಮೇಲಕ್ಕೆ ಪೂರ್ಣಾಂಕ ಮಾಡಿದರೆ 43 + 37 = 80. ಮೊದಲು ಕೂಡಿಸಿದರೆ 79. ಗಡಿ 80 ಆದಾಗ ಒಂದಿಡೀ ಗ್ರೇಡ್ ಇಲ್ಲಿ ನಿರ್ಧಾರವಾಗುತ್ತದೆ. ಹಾಗೆಯೇ ಥಿಯರಿಗೆ ಪ್ರತ್ಯೇಕ ಕನಿಷ್ಠ ಅಂಕ ಇದೆಯೇ ನೋಡಿ. ಇಂಟರ್ನಲ್ಸ್ 45, ಥಿಯರಿ 100ಕ್ಕೆ 30 ಆದರೆ ಒಟ್ಟು 60 ಆಗುತ್ತದೆ. ಕನಿಷ್ಠ 35 ಇರುವ ಕಡೆ ಆ 60ಕ್ಕೂ ಸಿಗುವುದು ಎಫ್.

ಪರೀಕ್ಷೆಗೆ ಮುಂಚೆ ಇದೇ ಲೆಕ್ಕವನ್ನು ತಿರುಗಿಸಿ ಹಾಕಿ. ಇಂಟರ್ನಲ್ಸ್ 38, ಗುರಿ 80 ಎಂದರೆ ಥಿಯರಿಯಿಂದ 42 ಬೇಕು, ಅಂದರೆ 100ಕ್ಕೆ 84. ಎಲ್ಲ ವಿಷಯಕ್ಕೂ ಹೀಗೆ ಬರೆದಿಟ್ಟುಕೊಂಡರೆ ಸಮಯ ಎಲ್ಲಿ ಹಾಕಬೇಕೆಂದು ತಿಳಿಯುತ್ತದೆ. 70ರಿಂದ 79ರವರೆಗೆ ಒಂದೇ ಗ್ರೇಡ್ ಇರುವ ಕಡೆ 71ನ್ನು 78 ಮಾಡಿದರೆ ಸಿಜಿಪಿಎ ಕದಲುವುದಿಲ್ಲ. ನಾಲ್ಕು ಕ್ರೆಡಿಟ್‌ನ ವಿಷಯದಲ್ಲಿ 69ನ್ನು 70 ಮಾಡಿದರೆ, ಮೇಲಿನ 12 ಕ್ರೆಡಿಟ್‌ನ ಸೆಮಿಸ್ಟರಿನಲ್ಲಿ ಎಸ್‌ಜಿಪಿಎ 0.33ರಷ್ಟು ಏರುತ್ತದೆ.

ಫಲಿತಾಂಶದ ನಂತರ ಮರುಮೌಲ್ಯಮಾಪನಕ್ಕೆ ಹಣ ಕಟ್ಟುವಾಗಲೂ ಗಡಿಯಿಂದ ನಿಮಗಿರುವ ದೂರವನ್ನೇ ನೋಡಿ. ಅವಕಾಶವಿದ್ದರೆ ಮೊದಲು ಉತ್ತರಪತ್ರಿಕೆಯ ಜೆರಾಕ್ಸ್ ತರಿಸಿಕೊಳ್ಳಿ. ಪುಟಪುಟದ ಅಂಕ ಕೂಡಿಸಿ ಮುಖಪುಟದ ಮೊತ್ತಕ್ಕೆ ತಾಳೆ ನೋಡಿ; ತಪ್ಪು ಕೂಡಿಕೆಯಲ್ಲಿದ್ದರೆ ಮರುಎಣಿಕೆ ಸಾಕು. ತಿದ್ದದೆ ಬಿಟ್ಟ ಉತ್ತರ ಸಿಕ್ಕಿದರೆ ಪ್ರಶ್ನೆಸಂಖ್ಯೆ ಗುರುತಿಟ್ಟುಕೊಂಡು ಅರ್ಜಿ ಹಾಕಿ. ಗಡಿಗೆ ಒಂದೆರಡು ಅಂಕ ಕೆಳಗಿದ್ದರೆ ಪ್ರಯತ್ನಕ್ಕೆ ಅರ್ಥವಿದೆ. ಗಡಿಯ ಮೇಲೆಯೇ ನಿಂತಿದ್ದರೆ, ಮರುಮೌಲ್ಯಮಾಪನದಲ್ಲಿ ಅಂಕ ಇಳಿದರೂ ಅದೇ ಅಂತಿಮ ಎಂಬ ನಿಯಮ ಇದೆಯೇ ಎಂದು ಆ ವರ್ಷದ ಸುತ್ತೋಲೆ ಓದಿಯೇ ಸಹಿ ಹಾಕಿ.